ಪೆನ್ನು, ನೋಟ್‌ಬುಕ್ಕು, ಪೀಪಾಯಿ: ಮಸತಾಕ ತಕೆತ್ಸುರು ಕಥೆ

2001ರಲ್ಲಿ ಬ್ರಿಟನ್ನಿನ ವಿಸ್ಕಿ ಮ್ಯಾಗಝೀನ್ ಅನ್ನೋ ಪತ್ರಿಕೆ ಒಂದು ಸ್ಪರ್ಧೆ ನಡೆಸಿತು. ನಿಯಮ ಸರಳ. ಬಾಟಲಿ ಯಾವುದು, ಊರು ಯಾವುದು ಅಂತ ಹೇಳೋದಿಲ್ಲ. ಗ್ಲಾಸಿನಲ್ಲಿ ಇರೋದನ್ನು ಮೂಸಿ, ರುಚಿ ನೋಡಿ ಪರಿಣತರು ಅಂಕ ಕೊಡಬೇಕು. ಗೆಲ್ಲೋದು ಸ್ಕಾಟ್‌ಲೆಂಡಿನ ಯಾವುದೋ ಒಂದು ಹಳೇ ವಿಸ್ಕಿ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಹೆಸರು ಬಿಚ್ಚಿ ನೋಡಿದರೆ ಮೊದಲ ಸ್ಥಾನ ಬಂದಿದ್ದು ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪದಲ್ಲಿರೋ ಯೋಯಿಚಿ ಎಂಬ ಸಣ್ಣ ಊರಿನ ವಿಸ್ಕಿಗೆ. ಹತ್ತು ವರ್ಷ ಹಳೆಯದು, ಸಿಂಗಲ್ ಕಾಸ್ಕ್. ಅಂದ್ರೆ ಒಂದೇ ಒಂದು ಪೀಪಾಯಿಯಿಂದ ತೆಗೆದಿದ್ದು.

ಆ ಕಾರ್ಖಾನೆ ಕಟ್ಟಿದ ಮನುಷ್ಯನಿಗೆ ಈ ಸುದ್ದಿ ತಲುಪಲಿಲ್ಲ. ಅವರು ತೀರಿಕೊಂಡು ಆಗಲೇ 22 ವರ್ಷ ಆಗಿತ್ತು. ಅವರ ಹೆಸರು ಮಸತಾಕ ತಕೆತ್ಸುರು. ನಮ್ಮ ಹಾಗೇ ಟೆಕ್ನಿಕಲ್ ಕಾಲೇಜಿನಲ್ಲಿ ಓದಿದವರು, ಲ್ಯಾಬ್‌ನಲ್ಲಿ ಕೆಲಸ ಕಲಿತವರು. ಕಂಪನಿ ಕಳಿಸಿದ್ದಕ್ಕೆ ಗೊತ್ತಿಲ್ಲದ ದೇಶಕ್ಕೆ ಹೋಗಿ ಎರಡು ನೋಟ್‌ಬುಕ್ ತುಂಬ ಬರೆದುಕೊಂಡು ಬಂದವರು. ಆ ನೋಟ್‌ಬುಕ್‌ಗೆ ಅವರು ಎಷ್ಟು ಬೆಲೆ ಕಟ್ಟಿದರು ಅನ್ನೋದೇ ಈ ಲೇಖನ.

ಮೊದಲು ಸ್ವಲ್ಪ ಕೆಮಿಸ್ಟ್ರಿ

ಮಾಲ್ಟ್ ವಿಸ್ಕಿಗೆ ಬೇಕಾಗಿರೋದು ಮೂರೇ ವಸ್ತು: ಬಾರ್ಲಿ, ನೀರು, ಯೀಸ್ಟ್. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸ್ತಾರೆ. ಮೊಳಕೆ ಬಂದಾಗ ಕಾಳಿನೊಳಗಿನ ಪಿಷ್ಟವನ್ನು ಸಕ್ಕರೆ ಮಾಡೋ ಎನ್‌ಝೈಮುಗಳು ಎಚ್ಚರಾಗುತ್ತವೆ. ಆಮೇಲೆ ಒಣಗಿಸಬೇಕು. ಸ್ಕಾಟ್‌ಲೆಂಡಿನ ಕೆಲವು ಕಡೆ ಒಣಗಿಸೋಕೆ ಪೀಟ್ ಸುಡ್ತಾರೆ. ಪೀಟ್ ಅಂದ್ರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತು ಗಟ್ಟಿಯಾದ ಗಿಡಗಂಟಿಯ ಮಣ್ಣು. ಆ ಹೊಗೆಯಲ್ಲಿರೋ ಫೀನಾಲ್‌ಗಳು ಬಾರ್ಲಿಗೆ ಅಂಟಿಕೊಳ್ಳುತ್ತವೆ. ವಿಸ್ಕಿಗೆ ಹೊಗೆ ವಾಸನೆ ಬರೋದು ಇಲ್ಲಿಂದ.

ನಂತರ ಪುಡಿ ಮಾಡಿ, ಬಿಸಿನೀರಿನಲ್ಲಿ ಸಕ್ಕರೆ ಬಿಡಿಸಿ, ಯೀಸ್ಟ್ ಹಾಕಿ ಹುಳಿ ಬರಿಸಿ, ತಾಮ್ರದ ದೊಡ್ಡ ಹಂಡೆಯಲ್ಲಿ ಸಾಮಾನ್ಯವಾಗಿ ಎರಡು ಸಲ ಭಟ್ಟಿ ಇಳಿಸ್ತಾರೆ. ಹಂಡೆಯಿಂದ ಮೊದಲು ಬರೋ ಭಾಗ ಬೇಡ, ಕೊನೆಗೆ ಬರೋದೂ ಬೇಡ. ನಡುವಿನ ಭಾಗ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಮುಂದಿನ ಸಲದ ಹಂಡೆಗೆ ವಾಪಸ್ ಹಾಕ್ತಾರೆ. ಎಲ್ಲಿ ಕತ್ತರಿಸಬೇಕು ಅನ್ನೋದು ಅನುಭವದ ವಿಷಯ. ಹೀಗೆ ಬಂದ ದ್ರವ ನೀರಿನಂತೆ ಬಣ್ಣ ಇಲ್ಲದ್ದು. ಅದಕ್ಕೆ ಬಣ್ಣವೂ ರುಚಿಯ ದೊಡ್ಡ ಪಾಲೂ ಬರೋದು ಓಕ್ ಮರದ ಪೀಪಾಯಿಯಲ್ಲಿ. ಮರದ ಲಿಗ್ನಿನ್ ನಿಧಾನವಾಗಿ ಒಡೆದು ವೆನಿಲಿನ್ ಬಿಡುತ್ತೆ. ಒಳಗೆ ಸುಟ್ಟು ಕರಕಾದ ಪದರ ಗಂಧಕದ ವಾಸನೆಯನ್ನು ಹೀರಿಕೊಳ್ಳುತ್ತೆ. ಸ್ಕಾಟ್‌ಲೆಂಡಿನ ಕಾನೂನಿನ ಪ್ರಕಾರ 700 ಲೀಟರ್ ಮೀರದ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಕೂರಬೇಕು. ಇಲ್ಲದಿದ್ದರೆ ಅದು ಸ್ಕಾಚ್ ಅಲ್ಲ.

ಅಷ್ಟು ವರ್ಷದಲ್ಲಿ ಮರದ ರಂಧ್ರಗಳಿಂದ ಸ್ವಲ್ಪ ಸ್ವಲ್ಪ ಆವಿಯಾಗಿ ಹೋಗ್ತಾ ಇರುತ್ತೆ. ಸ್ಕಾಟ್‌ಲೆಂಡಿನವರು ಇದಕ್ಕೆ ದೇವದೂತರ ಪಾಲು ಅಂತ ಹೆಸರಿಟ್ಟಿದ್ದಾರೆ. ಅಲ್ಲಿಯ ತಂಪಿನಲ್ಲಿ ವರ್ಷಕ್ಕೆ ಸುಮಾರು 2%. ಕ್ಯಾಲ್ಕ್ಯುಲೇಟರ್ ತಗೊಂಡು ನೋಡಿ: 250 ಲೀಟರಿನ ಪೀಪಾಯಿಯಲ್ಲಿ ಹತ್ತು ವರ್ಷಕ್ಕೆ ಸುಮಾರು 204 ಲೀಟರ್ ಉಳಿಯುತ್ತೆ.

ಅಂಗಡಿಯಲ್ಲಿ ಸಿಗೋ ಹೆಚ್ಚಿನ ವಿಸ್ಕಿಗಳು ಎಷ್ಟೋ ಪೀಪಾಯಿಗಳ ಮಿಶ್ರಣ. ಒಂದರಲ್ಲಿ ಕೊರತೆ ಇದ್ದರೆ ಇನ್ನೊಂದು ಸರಿದೂಗಿಸುತ್ತೆ. ಆವರೇಜ್ ತೆಗೆದ ಹಾಗೆ. ಸಿಂಗಲ್ ಕಾಸ್ಕ್‌ನಲ್ಲಿ ಆ ಆವರೇಜ್ ಇಲ್ಲ. ಒಂದೇ ದಿನ ಒಂದೇ ಹಂಡೆಯ ದ್ರವವನ್ನು ಅಕ್ಕಪಕ್ಕದ ಎರಡು ಪೀಪಾಯಿಗೆ ತುಂಬಿದರೂ ಹತ್ತು ವರ್ಷದ ಮೇಲೆ ಎರಡರ ರುಚಿ ಬೇರೆ. ಒಂದು ಪೀಪಾಯಿಯಿಂದ ಕೆಲವು ನೂರು ಬಾಟಲಿ ಬಂದರೆ ಮುಗೀತು, ಮತ್ತೆ ಅದೇ ರುಚಿ ಸಿಗೋದಿಲ್ಲ. ರುಚಿ ನೋಡೋರು ಅದಕ್ಕೇ ಆತುರ ಪಡೋದಿಲ್ಲ. ಮೊದಲು ಮೂಸ್ತಾರೆ, ಸ್ವಲ್ಪ ಹೊತ್ತು ಗ್ಲಾಸಿನಲ್ಲೇ ಬಿಡ್ತಾರೆ, ಒಂದು ಗುಟುಕು ನಾಲಿಗೆ ಮೇಲೆ ನಿಲ್ಲಿಸ್ತಾರೆ, ಎರಡು ಹನಿ ನೀರು ಹಾಕಿ ಮತ್ತೆ ಮೂಸ್ತಾರೆ. ಪೀಪಾಯಿಯಲ್ಲಿ ತಪ್ಪು ಇದ್ದರೆ ಮುಚ್ಚಿಡೋಕೆ ಜಾಗವೇ ಇಲ್ಲ. 2001ರ ಫಲಿತಾಂಶಕ್ಕೆ ತೂಕ ಬಂದಿದ್ದು ಇದರಿಂದ.

ಸಾಕೆ ಮಾಡೋ ಮನೆಯ ಹುಡುಗ

ಮಸತಾಕ ಹುಟ್ಟಿದ್ದು 1894ರ ಜೂನ್ 20ರಂದು, ಹಿರೋಶಿಮಾ ಪ್ರಾಂತ್ಯದ ತಾಕೆಹಾರ ಊರಿನಲ್ಲಿ. ಮನೆತನದ ಕಸುಬು ಸಾಕೆ, ಅಂದ್ರೆ ಅಕ್ಕಿಯಿಂದ ಮಾಡೋ ಜಪಾನಿ ಮದ್ಯ. 1733ರಿಂದ ನಡೆದು ಬಂದ ಉದ್ಯೋಗ. ಮನೆಯೊಳಗೇ ಹುದುಗು ಬರೋ ವಾಸನೆ, ದೊಡ್ಡ ಮರದ ತೊಟ್ಟಿಗಳು, ರಾತ್ರಿ ಎದ್ದು ಶಾಖ ನೋಡೋ ಕೆಲಸದವರು. ಚಿಕ್ಕವರಿದ್ದಾಗ ಮೆಟ್ಟಿಲಿನಿಂದ ಬಿದ್ದು ಮೂಗಿಗೆ ದೊಡ್ಡ ಗಾಯ ಆಯಿತು. ಅದಾದ ಮೇಲೆ ವಾಸನೆ ಹಿಡಿಯೋ ಶಕ್ತಿ ಇನ್ನೂ ಚುರುಕಾಯಿತು ಅನ್ನೋ ಕಥೆ ಅವರ ಬಗ್ಗೆ ಯಾವಾಗಲೂ ಹೇಳೋ ಕಥೆ.

ಮನೆ ಕಸುಬು ನೋಡಿಕೊಳ್ಳಲಿ ಅಂತ ಒಸಾಕದ ಉನ್ನತ ತಾಂತ್ರಿಕ ಶಾಲೆಗೆ ಸೇರಿಸಿದರು. ಅಲ್ಲಿ ಓದಿದ್ದು ಮದ್ಯ ತಯಾರಿಕೆಯ ವಿಜ್ಞಾನ, ಇವತ್ತಿನ ಲೆಕ್ಕದಲ್ಲಿ ಬಯೋಟೆಕ್ನಾಲಜಿಯ ಒಂದು ಕೊಂಬೆ. ಆದ್ರೆ ಓದ್ತಾ ಓದ್ತಾ ಮನಸ್ಸು ಸಾಕೆಯಿಂದ ಪಾಶ್ಚಾತ್ಯ ಮದ್ಯಗಳ ಕಡೆ ತಿರುಗಿತು. 1916ರಲ್ಲಿ ಒಸಾಕದ ಸೆತ್ಸು ಶುಝೋ ಎಂಬ ಕಂಪನಿಗೆ ಕೆಲಸಕ್ಕೆ ಸೇರಿದರು. ಅಲ್ಲಿ ಅವರಿಗಿಂತ ಮೊದಲು ಅದೇ ಶಾಲೆಯಲ್ಲಿ ಓದಿದ್ದ ಕೀಚಿರೋ ಇವಾಯಿ ಹಿರಿಯ ತಂತ್ರಜ್ಞರು.

ಆಗ ಜಪಾನಿನಲ್ಲಿ ವಿಸ್ಕಿ ಅಂತ ಮಾರ್ತಾ ಇದ್ದದ್ದು ಹೆಸರಿಗೆ ಮಾತ್ರ ವಿಸ್ಕಿ. ಆಲ್ಕೋಹಾಲಿಗೆ ಬಣ್ಣ, ಸಕ್ಕರೆ, ಸುವಾಸನೆ ಬೆರೆಸಿ ಬಾಟಲಿಗೆ ಹಾಕಿದರೆ ಆಯಿತು. ಸೆತ್ಸು ಶುಝೋ ಮಾಲೀಕ ಕಿಹೇಯಿ ಅಬೆ ಅವರಿಗೆ ಇದು ಬಹಳ ದಿನ ನಡೆಯೋದಿಲ್ಲ ಅನ್ನಿಸಿತು. ನಿಜವಾದ ವಿಸ್ಕಿ ಹೇಗೆ ಮಾಡ್ತಾರೆ ಅಂತ ಹುಟ್ಟಿದ ಜಾಗಕ್ಕೇ ಹೋಗಿ ಕಲಿತು ಬರಲು 24 ವರ್ಷದ ಮಸತಾಕ ಅವರನ್ನು ಆರಿಸಿದರು. 1918ರ ಬೇಸಿಗೆಯಲ್ಲಿ ಹಡಗು ಹತ್ತಿ, ಅಮೆರಿಕ ದಾಟಿ, ಡಿಸೆಂಬರಿನಲ್ಲಿ ಬ್ರಿಟನ್ ತಲುಪಿದರು. ಮೊದಲ ಮಹಾಯುದ್ಧ ಮುಗಿದು ಆಗಿನ್ನೂ ಕೆಲವೇ ವಾರ.

ಸ್ಕಾಟ್‌ಲೆಂಡಿನಲ್ಲಿ ಇಂಟರ್ನ್‌ಶಿಪ್

ಗ್ಲಾಸ್ಗೋದಲ್ಲಿ ಅವರು ವಿಶ್ವವಿದ್ಯಾಲಯ ಮತ್ತು ರಾಯಲ್ ಟೆಕ್ನಿಕಲ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಓದಿದರು. ಆ ಕಾಲೇಜೇ ಇವತ್ತಿನ ಸ್ಟ್ರ್ಯಾತ್‌ಕ್ಲೈಡ್ ವಿಶ್ವವಿದ್ಯಾಲಯ. ಆದ್ರೆ ಕ್ಲಾಸಿನಲ್ಲಿ ಕೂತು ವಿಸ್ಕಿ ಮಾಡೋದು ಬರೋದಿಲ್ಲ ಅಂತ ಬೇಗ ಗೊತ್ತಾಯಿತು. ಆಗ ಈ ವಿಷಯಕ್ಕೆ ಇದ್ದ ಮುಖ್ಯ ಪುಸ್ತಕ ಜೆ. ಎ. ನೆಟಲ್‌ಟನ್ ಬರೆದಿದ್ದು. ಅದನ್ನು ಹಿಡಿದುಕೊಂಡು ಲೇಖಕರನ್ನೇ ಹುಡುಕುತ್ತಾ ಎಲ್ಗಿನ್ ಊರಿಗೆ ಹೋದರು. ಪಾಠ ಹೇಳಿಕೊಡಲು ಅವರು ಕೇಳಿದ ಫೀಸು ಮಸತಾಕ ಅವರ ಕೈಗೆ ಎಟುಕಲಿಲ್ಲ.

ಆಮೇಲೆ ಮಾಡಿದ್ದು ನಾವು ಇಂಟರ್ನ್‌ಶಿಪ್‌ಗೆ ಮಾಡೋ ಕೆಲಸವನ್ನೇ. ಕಾರ್ಖಾನೆಗಳ ಬಾಗಿಲು ತಟ್ಟಿದರು. 1919ರ ಏಪ್ರಿಲ್‌ನಲ್ಲಿ ಲಾಂಗ್‌ಮಾರ್ನ್ ಡಿಸ್ಟಿಲರಿ ಒಳಗೆ ಬಿಟ್ಟುಕೊಂಡಿತು, ಅದೂ ಕೆಲವೇ ದಿನ. ಆ ಕೆಲವು ದಿನದಲ್ಲಿ ನೋಡಿದ್ದೆಲ್ಲವನ್ನೂ ಬರೆದುಕೊಂಡರು. ಯಾರಿಗೂ ಇಷ್ಟ ಇಲ್ಲದ ಹಂಡೆ ತೊಳೆಯೋ ಕೆಲಸವನ್ನು ತಾವೇ ಕೇಳಿ ಮಾಡಿದರು ಅಂತ ಹೇಳ್ತಾರೆ. ಹಂಡೆಯ ಒಳಗೆ ಇಳಿಯದೆ ಅದರ ಒಳಗಿನ ಆಕಾರ ಗೊತ್ತಾಗೋದು ಹೇಗೆ? ಅದೇ ವರ್ಷ ಬೋನೆಸ್ ಊರಿನಲ್ಲಿ ಕಾಫಿ ಸ್ಟಿಲ್ ಕಲಿತರು. ನಾವು ಕುಡಿಯೋ ಕಾಫಿಗೂ ಇದಕ್ಕೂ ಸಂಬಂಧ ಇಲ್ಲ, 1830ರಲ್ಲಿ ಪೇಟೆಂಟ್ ಪಡೆದ ಈನಿಯಸ್ ಕಾಫಿ ಎಂಬ ಐರ್ಲೆಂಡಿನವರ ಹೆಸರು ಅದು. ತಾಮ್ರದ ಹಂಡೆಯನ್ನು ಪ್ರತಿ ಸಲ ತುಂಬಿಸಿ ಖಾಲಿ ಮಾಡಬೇಕು. ಕಾಫಿ ಸ್ಟಿಲ್ ನಿಲ್ಲದೆ ಓಡುತ್ತೆ. ಬ್ಯಾಚ್ ಪ್ರೋಸೆಸ್, ಕಂಟಿನ್ಯುಯಸ್ ಪ್ರೋಸೆಸ್ ಅಂತ ನಮ್ಮ ಕೆಮಿಕಲ್ ಬ್ರ್ಯಾಂಚಿನವರು ಓದೋದು ಇದನ್ನೇ.

1920ರ ಮೊದಲ ತಿಂಗಳುಗಳಲ್ಲಿ ಕ್ಯಾಂಬೆಲ್‌ಟೌನ್ ಎಂಬ ಸಮುದ್ರ ತೀರದ ಊರಿನ ಹೇಝಲ್‌ಬರ್ನ್ ಡಿಸ್ಟಿಲರಿಯಲ್ಲಿ ಪೂರ್ತಿ ತರಬೇತಿ ಸಿಕ್ಕಿತು. ಮ್ಯಾನೇಜರ್ ಪೀಟರ್ ಇನ್ನೆಸ್ ಸ್ವತಃ ವಿಜ್ಞಾನಿ, ಈ ಹುಡುಗ ಕೇಳೋ ಪ್ರಶ್ನೆಗಳಿಗೆ ಬೇಸರ ಪಡದೆ ಉತ್ತರ ಕೊಟ್ಟರು. ಕಲಿತದ್ದನ್ನೆಲ್ಲ ಮಸತಾಕ ಎರಡು ನೋಟ್‌ಬುಕ್‌ಗಳ ರಿಪೋರ್ಟ್ ಮಾಡಿದರು. ಯಂತ್ರಗಳ ಚಿತ್ರ, ಶಾಖ, ಸಮಯ, ಪ್ರಮಾಣ, ಎಲ್ಲಿ ಕತ್ತರಿಸಬೇಕು ಅನ್ನೋದು ಎಲ್ಲವೂ ಇದೆ. ಜೊತೆಗೆ ಕೆಲಸಗಾರರಿಗೆ ಎಷ್ಟು ಸಂಬಳ, ಎಷ್ಟು ಗಂಟೆ ದುಡಿಮೆ, ಅವರನ್ನು ಹೇಗೆ ನೋಡಿಕೊಳ್ತಾರೆ ಅನ್ನೋದೂ ಇದೆ. ಬರೀ ರೆಸಿಪಿ ಸಾಕಾಗೋದಿಲ್ಲ, ಒಂದು ಕಾರ್ಖಾನೆ ಹೇಗೆ ಬದುಕುತ್ತೆ ಅನ್ನೋದೇ ಬೇಕು ಅಂತ ಆ ವಯಸ್ಸಿಗೇ ಅವರಿಗೆ ಹೊಳೆದಿತ್ತು.

ಎಷ್ಟೋ ವರ್ಷದ ಮೇಲೆ, 1962ರಲ್ಲಿ, ಜಪಾನಿಗೆ ಬಂದಿದ್ದ ಬ್ರಿಟಿಷ್ ಮಂತ್ರಿಯೊಬ್ಬರು ಒಬ್ಬ ಜಪಾನಿ ಹುಡುಗ ಬರೀ ಪೆನ್ನು, ನೋಟ್‌ಬುಕ್ ಇಟ್ಟುಕೊಂಡು ನಮ್ಮ ವಿಸ್ಕಿಯ ಗುಟ್ಟೆಲ್ಲ ಹೊತ್ತೊಯ್ದ ಅಂತ ತಮಾಷೆಯಾಗಿ ಹೊಗಳಿದರಂತೆ. ವಿಚಿತ್ರ ಅಂದ್ರೆ ಗುಟ್ಟು ಕೊಟ್ಟ ಹೇಝಲ್‌ಬರ್ನ್ 1925ರಲ್ಲೇ ಮುಚ್ಚಿಹೋಯಿತು. ಅಮೆರಿಕದಲ್ಲಿ 1920ರಿಂದ ಪಾನನಿಷೇಧ, ಯುದ್ಧದ ನಂತರದ ಆರ್ಥಿಕ ಕುಸಿತ. ಕ್ಯಾಂಬೆಲ್‌ಟೌನಿನ ಡಿಸ್ಟಿಲರಿಗಳು ಒಂದಾದ ಮೇಲೊಂದು ಬಾಗಿಲು ಹಾಕಿದವು. ಹೇಝಲ್‌ಬರ್ನ್ ಹೇಗೆ ಕೆಲಸ ಮಾಡ್ತಾ ಇತ್ತು ಅನ್ನೋದಕ್ಕೆ ಇವತ್ತು ಒಳ್ಳೇ ದಾಖಲೆ ಅಂದ್ರೆ ಆ ಜಪಾನಿ ನೋಟ್‌ಬುಕ್ಕೇ.

ರೀಟಾ

ಗ್ಲಾಸ್ಗೋ ಹತ್ತಿರದ ಕರ್ಕಿಂಟಿಲಾಕ್ ಊರಿನಲ್ಲಿ ಕೋವನ್ ಎಂಬ ಡಾಕ್ಟರ ಮನೆ. ಡಾಕ್ಟರು 1918ರಲ್ಲಿ ತೀರಿಕೊಂಡಿದ್ದರು. ಅವರ ಚಿಕ್ಕ ಮಗನಿಗೆ ಜೂಡೋ ಕಲಿಸಲು ಮಸತಾಕ ಆ ಮನೆಗೆ ಹೋಗಲು ಶುರು ಮಾಡಿದರು. ಅಲ್ಲಿ ಪರಿಚಯ ಆದವರು ಆ ಮನೆಯ ಮಗಳು ಜೆಸ್ಸಿ ರಾಬರ್ಟಾ, ಎಲ್ಲರೂ ಕರೆಯೋದು ರೀಟಾ ಅಂತ. ಒಂದು ಚಿಕ್ಕ ವಿಷಯ ಹೇಳಲೇಬೇಕು: ಆ ಊರಿನಲ್ಲೇ 1920ರ ದಶಕದಿಂದ 1960ರ ದಶಕದವರೆಗೆ ಮದ್ಯ ಮಾರಾಟಕ್ಕೆ ನಿಷೇಧ ಇತ್ತು. ಜಪಾನಿಗೆ ವಿಸ್ಕಿ ಕೊಟ್ಟ ಮನೆಯ ಸೊಸೆ ಬಂದಿದ್ದು ಅಂಥ ಊರಿನಿಂದ.

1920ರ ಜನವರಿ 8ರಂದು ಇಬ್ಬರೂ ಗ್ಲಾಸ್ಗೋದ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ಆದರು. ಎರಡೂ ಮನೆಯಲ್ಲಿ ವಿರೋಧ. ಮಸತಾಕ ಸ್ಕಾಟ್‌ಲೆಂಡಿನಲ್ಲೇ ಉಳಿಯಲು ಸಿದ್ಧರಿದ್ದರು. ಜಪಾನಿನಲ್ಲಿ ನಿಜವಾದ ವಿಸ್ಕಿ ಮಾಡೋ ಅವರ ಕನಸಿಗೆ ಜೊತೆ ಕೊಡ್ತೀನಿ ಅಂತ ಹೊರಟವರು ರೀಟಾ. ಭಾಷೆ ಗೊತ್ತಿಲ್ಲ, ಊಟ ಗೊತ್ತಿಲ್ಲ, ಪರಿಚಯದವರು ಒಬ್ಬರೂ ಇಲ್ಲ. ಆಗ ಅವರಿಗೆ 23 ವರ್ಷ, ನಮ್ಮ ಪಿಜಿ ಸೀನಿಯರ್‌ಗಳ ವಯಸ್ಸು.

ವಾಪಸ್ ಬಂದರೆ ಕೆಲಸವೇ ಇಲ್ಲ

1920ರ ಕೊನೆಗೆ ಜಪಾನಿಗೆ ಬಂದು ರಿಪೋರ್ಟ್ ಕೊಟ್ಟರು. ಅಷ್ಟರಲ್ಲಿ ಯುದ್ಧಕಾಲದ ಲಾಭ ಕರಗಿ ಜಪಾನಿನಲ್ಲಿ ಮಂದಿ ವ್ಯಾಪಾರ. ನಿಜವಾದ ವಿಸ್ಕಿಗೆ ದುಡ್ಡು ಹಾಕಿದರೆ ವಾಪಸ್ ಬರಲು ಕನಿಷ್ಠ ಐದಾರು ವರ್ಷ. ಸೆತ್ಸು ಶುಝೋ ಆ ಯೋಜನೆಯನ್ನೇ ಕೈಬಿಟ್ಟಿತು. ಎರಡು ವರ್ಷ ಕಷ್ಟಪಟ್ಟು ಕಲಿತದ್ದು ಬೀರುವಿನಲ್ಲಿ. ಮತ್ತೆ ಬಣ್ಣ ಬೆರೆಸೋ ಕೆಲಸ. 1922ರಲ್ಲಿ ರಾಜೀನಾಮೆ ಕೊಟ್ಟು ಒಂದು ಶಾಲೆಯಲ್ಲಿ ಕೆಮಿಸ್ಟ್ರಿ ಮೇಷ್ಟ್ರಾದರು. ರೀಟಾ ಇಂಗ್ಲಿಷ್, ಪಿಯಾನೋ ಪಾಠ ಹೇಳಿ ಮನೆ ನಡೆಸಲು ಕೈ ಜೋಡಿಸಿದರು.

ಅದೇ ಹೊತ್ತಿಗೆ ಒಸಾಕದ ಇನ್ನೊಬ್ಬ ವ್ಯಾಪಾರಿ ಶಿಂಜಿರೋ ತೋರಿ ವಿಸ್ಕಿ ಮಾಡಬೇಕು ಅಂತ ಹೊರಟಿದ್ದರು. ಅವರ ಕಂಪನಿ ಕೊತೊಬುಕಿಯಾ, ಇವತ್ತಿನ ಸಂಟೋರಿ. ಸಿಹಿ ವೈನ್ ಮಾರಿ ದುಡ್ಡು ಮಾಡಿದ್ದ ಅವರು ಸ್ಕಾಟ್‌ಲೆಂಡಿಗೆ ಪತ್ರ ಬರೆದು ತಜ್ಞರು ಬೇಕು ಅಂತ ಕೇಳಿದರೆ, ನಿಮ್ಮ ದೇಶದಲ್ಲೇ ಕಲಿತವರು ಒಬ್ಬರಿದ್ದಾರಲ್ಲ ಅನ್ನೋ ಉತ್ತರ ಬಂತು. 1923ರಲ್ಲಿ ತೋರಿ ಮಸತಾಕ ಅವರನ್ನು ಕರೆದು ಹತ್ತು ವರ್ಷದ ಒಪ್ಪಂದ ಮಾಡಿಕೊಂಡರು. ಸಂಬಳ ವರ್ಷಕ್ಕೆ 4000 ಯೆನ್, ವಿದೇಶಿ ತಜ್ಞರಿಗೆ ಕೊಡಬೇಕು ಅಂದುಕೊಂಡಿದ್ದ ಮೊತ್ತವೇ.

ಇಬ್ಬರ ನಡುವೆ ಮೊದಲ ಭಿನ್ನಾಭಿಪ್ರಾಯ ಜಾಗದ್ದು. ಸ್ಕಾಟ್‌ಲೆಂಡಿನ ಹವೆಗೆ ಹತ್ತಿರ ಅಂತ ಹೊಕ್ಕೈಡೊ ಬೇಕು ಅಂದರು ಮಸತಾಕ. ಒಸಾಕದಿಂದ ಅಷ್ಟು ದೂರ ಸಾಗಿಸೋಕೆ ಖರ್ಚು, ಜೊತೆಗೆ ಗಿರಾಕಿಗಳು ಬಂದು ನೋಡೋ ಹಾಗಿರಬೇಕು ಅಂದರು ತೋರಿ. ಕೊನೆಗೆ ಕ್ಯೋಟೊ, ಒಸಾಕ ನಡುವಿನ ಯಮಝಾಕಿ ಆಯ್ಕೆ ಆಯಿತು. ಮೂರು ನದಿ ಸೇರೋ ಜಾಗ, ಮಂಜು ಕವಿಯೋ ತೇವದ ಹವೆ, ಒಳ್ಳೇ ನೀರು. 1924ರಲ್ಲಿ ಕಾರ್ಖಾನೆ ಸಿದ್ಧವಾಯಿತು. ಜಪಾನಿನ ಮೊದಲ ಮಾಲ್ಟ್ ವಿಸ್ಕಿ ಡಿಸ್ಟಿಲರಿ ಅದು, ಕಟ್ಟಿದ್ದು ನೋಟ್‌ಬುಕ್ ನೋಡಿಕೊಂಡು.

1929ರಲ್ಲಿ ಮೊದಲ ಬಾಟಲಿ ಹೊರಬಂತು. ಹೆಸರು ಶಿರೋಫುದಾ, ಬಿಳಿ ಲೇಬಲ್ ಅಂತ ಅರ್ಥ. ಜನ ಕೊಳ್ಳಲಿಲ್ಲ. ಹೊಗೆ ವಾಸನೆ ಜಾಸ್ತಿ, ಜಪಾನಿ ಊಟಕ್ಕೆ ಹೊಂದೋದಿಲ್ಲ ಅಂದರು. ಇಲ್ಲಿ ಯಾರು ಸರಿ? ಮಸತಾಕ ಅವರ ಪ್ರಕಾರ ವಿಸ್ಕಿ ಅಂದ್ರೆ ಅದೇ. ಹೊಗೆ ತೆಗೆದರೆ ಅದು ಬೇರೆ ಏನೋ. ತೋರಿ ಅವರ ಪ್ರಕಾರ ಕೊಳ್ಳುವವರ ನಾಲಿಗೆಗೆ ಒಗ್ಗದ ಮಾಲು ಎಷ್ಟು ಶುದ್ಧ ಆಗಿದ್ದರೂ ಗೋಡೌನಿನಲ್ಲೇ ಕೂರುತ್ತೆ. ಸಾಮಾನ್ಯವಾಗಿ ಈ ಕಥೆ ಹೇಳೋರು ತೋರಿ ಅವರನ್ನು ವಿಲನ್ ಮಾಡಿಬಿಡ್ತಾರೆ. ಅದು ಅನ್ಯಾಯ. 1937ರಲ್ಲಿ ಅವರು ತಂದ ಮೃದುವಾದ ಕಾಕುಬಿನ್ ವಿಸ್ಕಿ ಗೆದ್ದಿತು, ಇವತ್ತಿಗೂ ಮಾರಾಟದಲ್ಲಿದೆ. ತಮ್ಮ ಜನರ ರುಚಿ ಅವರಿಗೆ ಗೊತ್ತಿತ್ತು. ಮಸತಾಕ ಅವರನ್ನು ಯೊಕೊಹಾಮಾದ ಬಿಯರ್ ಕಾರ್ಖಾನೆಯ ಹೊಣೆಗೆ ಹಾಕಲಾಯಿತು. ಒಪ್ಪಂದದ ಹತ್ತು ವರ್ಷ ಮುಗಿದ ಮೇಲೆ 1934ರಲ್ಲಿ ಅವರು ಹೊರಬಂದರು. ಆಗ ಅವರಿಗೆ 40 ವರ್ಷ.

ಸೇಬಿನ ರಸದ ಕಂಪನಿ

ಅದೇ ವರ್ಷ ಹೊಕ್ಕೈಡೊದ ಯೋಯಿಚಿಗೆ ಹೋದರು. ಚಳಿ, ಸಮುದ್ರದ ತೇವ, ಹತ್ತಿರದಲ್ಲೇ ಪೀಟ್, ಕಲ್ಲಿದ್ದಲು, ಬಾರ್ಲಿ, ಒಳ್ಳೇ ನೀರು. ಹತ್ತು ವರ್ಷ ಮೊದಲು ಬೇಕು ಅಂದಿದ್ದೆಲ್ಲ ಇಲ್ಲಿತ್ತು. ಇಲ್ಲದ್ದು ಒಂದೇ: ವಿಸ್ಕಿ ಹಣ್ಣಾಗೋವರೆಗೆ ಹೊಟ್ಟೆ ತುಂಬಿಸೋ ದಾರಿ. ಯೋಯಿಚಿಯಲ್ಲಿ ಸೇಬು ಬೆಳೀತಾರೆ. ಹಾಗಾಗಿ ಕಂಪನಿಗೆ ಇಟ್ಟ ಹೆಸರು ದೈ ನಿಪ್ಪೊನ್ ಕಾಜು, ಅಂದ್ರೆ ಮಹಾ ಜಪಾನ್ ಹಣ್ಣಿನ ರಸ ಕಂಪನಿ. ದುಡ್ಡು ಹಾಕಿದವರಲ್ಲಿ ರೀಟಾ ಇಂಗ್ಲಿಷ್ ಪಾಠ ಹೇಳುತ್ತಿದ್ದ ಮನೆಯವರೂ ಇದ್ದರು.

ಸ್ಟಾರ್ಟಪ್‌ಗಳಲ್ಲಿ ಮೊದಲು ಒಂದು ಮಾಲು ಮಾರಿ ನಿಜವಾದ ಮಾಲಿಗೆ ದುಡ್ಡು ಹೊಂದಿಸ್ತಾರಲ್ಲ, ಅದೇ ಲೆಕ್ಕ. ಆದ್ರೆ ಮಸತಾಕ ಜ್ಯೂಸಿನಲ್ಲೂ ರಾಜಿ ಆಗಲಿಲ್ಲ. ಏನೂ ಬೆರೆಸದ 100% ರಸ. ಬೆಲೆ ಜಾಸ್ತಿ ಆಯಿತು. ಮೇಲೆ ಶುದ್ಧ ರಸ ಆಗಿದ್ದರಿಂದ ಬಾಟಲಿಯಲ್ಲಿ ಕದಡಿದ ಹಾಗೆ ಆಗಿ, ಕೆಟ್ಟಿದೆ ಅಂತ ಅಂಗಡಿಯವರು ವಾಪಸ್ ಕಳಿಸಿದರು. ಇಂಥ ಕಷ್ಟದಲ್ಲೇ 1936ರಲ್ಲಿ ಮೊದಲ ತಾಮ್ರದ ಹಂಡೆ ಬಂತು. ಹೇಝಲ್‌ಬರ್ನ್, ಲಾಂಗ್‌ಮಾರ್ನ್‌ನಲ್ಲಿ ನೋಡಿದ್ದ ಹಾಗೇ ಹಂಡೆಯ ಕೆಳಗೆ ನೇರವಾಗಿ ಕಲ್ಲಿದ್ದಲು ಉರಿಸಿದರು. ಸಲಿಕೆಯಲ್ಲಿ ಕೆಲವೇ ನಿಮಿಷಕ್ಕೊಮ್ಮೆ ಕಲ್ಲಿದ್ದಲು ಹಾಕೋ ಆ ಪದ್ಧತಿ ಯೋಯಿಚಿಯಲ್ಲಿ ಈಗಲೂ ಇದೆ. 1940ರಲ್ಲಿ ಮೊದಲ ವಿಸ್ಕಿ ಹೊರಬಂತು. ನಿಪ್ಪೊನ್‌ನ ನಿ, ಕಾಜುವಿನ ಕಾ ಸೇರಿಸಿ ಅದಕ್ಕೆ ನಿಕ್ಕಾ ಅಂತ ಹೆಸರಿಟ್ಟರು. 1952ರಲ್ಲಿ ಕಂಪನಿಯ ಹೆಸರೂ ಅದೇ ಆಯಿತು.

ಯುದ್ಧ ಬಂದಾಗ ನೌಕಾಪಡೆ ಯೋಯಿಚಿ ಕಾರ್ಖಾನೆಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಬಾರ್ಲಿ ಸಿಕ್ಕಿತು, ಮಾರಾಟ ಖಾತ್ರಿ ಆಯಿತು, ಪೀಪಾಯಿಗಳು ತುಂಬ್ತಾ ಹೋದವು. ವ್ಯಾಪಾರಕ್ಕೆ ಒಳ್ಳೆಯದಾದ ಆ ವರ್ಷಗಳು ಮನೆಗೆ ಕೆಟ್ಟ ವರ್ಷಗಳು. ರೀಟಾ ಜಪಾನಿನ ಪೌರತ್ವ ಪಡೆದಿದ್ದರು, ಜಪಾನಿ ಅಡುಗೆ, ಉಪ್ಪಿನಕಾಯಿ ಹಾಕೋದು ಎಲ್ಲ ಕಲಿತಿದ್ದರು. ಆದ್ರೆ ಮುಖ ಬದಲಾಗೋದಿಲ್ಲವಲ್ಲ. ಶತ್ರು ದೇಶದವಳು, ಗೂಢಚಾರಿ ಅಂತ ಅನುಮಾನ. ಪೊಲೀಸರು ಹಿಂದೆ ಬೀಳೋದು, ರೇಡಿಯೋ ಇದೆ ಅಂತ ಮನೆ ಹುಡುಕೋದು. ಊರಲ್ಲಿ ಮಾತಾಡಿಸೋರು ಕಡಿಮೆಯಾದರು. ಕಾರ್ಖಾನೆಯಲ್ಲಿ ತಯಾರಾಗ್ತಾ ಇದ್ದದ್ದು ಅವರ ತವರಿನ ವಿಸ್ಕಿ. ಅದನ್ನು ಕುಡೀತಾ ಇದ್ದದ್ದು ಅವರ ತವರಿನ ಮೇಲೆ ಯುದ್ಧ ಮಾಡೋ ಪಡೆ.

ಒಂದು ರಾಜಿ

ಯುದ್ಧ ಮುಗಿದ ಮೇಲೆ ಬಡತನ. ಅಗ್ಗದ ಮೂರನೇ ದರ್ಜೆ ವಿಸ್ಕಿಗೆ ಮಾತ್ರ ಗಿರಾಕಿ. ಆ ದರ್ಜೆಯಲ್ಲಿ ನಿಜವಾದ ವಿಸ್ಕಿ ಹೆಚ್ಚೆಂದರೆ 5%, ಒಂದು ಹನಿ ಇಲ್ಲದಿದ್ದರೂ ಕಾನೂನು ಒಪ್ಪುತ್ತಿತ್ತು. ಯೌವನದಲ್ಲಿ ಯಾವುದನ್ನು ಬಿಟ್ಟು ಹಡಗು ಹತ್ತಿದ್ದರೋ ಅದೇ ಮತ್ತೆ ಎದುರು ಬಂದು ನಿಂತಿತ್ತು. ಬಹಳ ದಿನ ಮಾಡೋದಿಲ್ಲ ಅಂತ ಕೂತರು. ಕಂಪನಿ ಸಾಲದಲ್ಲಿ ಮುಳುಗಿತು, ಕೆಲಸಗಾರರ ಸಂಸಾರಗಳು ಕಣ್ಣ ಮುಂದೆ ಇದ್ದವು. 1950ರಲ್ಲಿ ಒಪ್ಪಿಕೊಂಡರು. ಒಪ್ಪಿದರೂ ಕಾನೂನು ಬಿಡೋ ಗರಿಷ್ಠ ಮಟ್ಟದವರೆಗೆ ನಿಜವಾದ ವಿಸ್ಕಿ ಹಾಕಿಸಿದರು, ಕೃತಕ ಸುವಾಸನೆ ಸೇರಿಸಲಿಲ್ಲ.

ನನಗೆ ಇವರ ಇಡೀ ಜೀವನದಲ್ಲಿ ಮುಖ್ಯ ಅನ್ನಿಸೋ ಘಟನೆ ಇದು. ಹಠಮಾರಿ ಪ್ರತಿಭಾವಂತ, ಕೊನೆಗೆ ಗೆದ್ದ ಅನ್ನೋ ಸಿನಿಮಾ ಕಥೆಗೆ ಇದು ಹೊಂದೋದಿಲ್ಲ. ಎಲ್ಲಿ ಬಗ್ಗಬೇಕು, ಬಗ್ಗಿದಾಗಲೂ ಯಾವುದನ್ನು ಬಿಡಬಾರದು ಅಂತ ಅವರಿಗೆ ಲೆಕ್ಕ ಇತ್ತು. ನೋಟ್‌ಬುಕ್‌ನಲ್ಲಿ ಕೆಲಸಗಾರರ ಸಂಬಳವನ್ನೂ ಬರೆದುಕೊಂಡಿದ್ದ ಹುಡುಗ ಐವತ್ತು ದಾಟಿದ ಮೇಲೂ ಅದನ್ನು ಮರೆತಿರಲಿಲ್ಲ.

ರೀಟಾ ಇಲ್ಲದ ಮೇಲೆ

1961ರ ಜನವರಿ 17ರಂದು ರೀಟಾ ತೀರಿಕೊಂಡರು, 64 ವರ್ಷ. ಮಸತಾಕ ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ ಅಂತ ಹೇಳ್ತಾರೆ. ಆಮೇಲೆ ದತ್ತು ಮಗ ತಾಕೇಶಿ ಜೊತೆ ಸೇರಿ ಒಂದು ಹೊಸ ಮಿಶ್ರಣಕ್ಕೆ ಕೂತರು. ಯುದ್ಧದ ಕಾಲದಿಂದ ಪೀಪಾಯಿಗಳಲ್ಲಿ ಕಾಯ್ತಾ ಇದ್ದ ಹಳೇ ವಿಸ್ಕಿ ಈಗ ಕೈಗೆ ಬಂದಿತ್ತು. 1962ರಲ್ಲಿ ಸೂಪರ್ ನಿಕ್ಕಾ ಬಂತು, ಕೈಯಲ್ಲಿ ಊದಿ ಮಾಡಿದ ಗಾಜಿನ ಬಾಟಲಿಯಲ್ಲಿ.

ಅದಾದ ಮೇಲೂ ಕಲಿಯೋದು ನಿಲ್ಲಲಿಲ್ಲ. 1963ರಲ್ಲಿ, 69ನೇ ವಯಸ್ಸಿನಲ್ಲಿ, ಸ್ಕಾಟ್‌ಲೆಂಡಿನಿಂದ ಕಾಫಿ ಸ್ಟಿಲ್ ತರಿಸಿದರು. ಆಗಲೇ ಅದಕ್ಕಿಂತ ದಕ್ಷವಾದ ಯಂತ್ರಗಳು ಬಂದಿದ್ದವು. ಆದ್ರೆ ಹೊಸ ಯಂತ್ರ ಆಲ್ಕೋಹಾಲನ್ನು ಎಷ್ಟು ಶುದ್ಧ ಮಾಡುತ್ತೆ ಅಂದ್ರೆ ಧಾನ್ಯದ ರುಚಿಯೂ ಹೋಗಿಬಿಡುತ್ತೆ. ಹಳೇ ಯಂತ್ರ ಸ್ವಲ್ಪ ಉಳಿಸುತ್ತೆ. ಎಫಿಷಿಯೆನ್ಸಿ ಕಡಿಮೆ ಇರೋದನ್ನು ಬೇಕಂತಲೇ ಆರಿಸಿದ ಇಂಜಿನಿಯರ್ ಇವರು.

1969ರಲ್ಲಿ ಸೆಂಡಾಯಿ ಹತ್ತಿರ ಮಿಯಾಗಿಕ್ಯೋ ಎಂಬ ಎರಡನೇ ಡಿಸ್ಟಿಲರಿ ಕಟ್ಟಿದರು. ಇಲ್ಲಿ ಎಲ್ಲವೂ ಯೋಯಿಚಿಗೆ ತಿರುವುಮುರುವು. ಯೋಯಿಚಿಯಲ್ಲಿ ಕಲ್ಲಿದ್ದಲ ಬೆಂಕಿ, ಇಲ್ಲಿ ಹಬೆಯ ಹದವಾದ ಶಾಖ. ಅಲ್ಲಿ ಹಂಡೆಯ ಕೊಳವೆ ಕೆಳಕ್ಕೆ ಇಳಿಯುತ್ತೆ, ಇಲ್ಲಿ ಮೇಲಕ್ಕೆ ಏರುತ್ತೆ. ಮೇಲಕ್ಕೆ ಏರಿದರೆ ಭಾರವಾದ ಆವಿ ತಣಿದು ಮತ್ತೆ ಹಂಡೆಗೇ ಬೀಳುತ್ತೆ, ಹಗುರ ಭಾಗ ಮಾತ್ರ ದಾಟುತ್ತೆ. ನಾವು ಓದೋ ರಿಫ್ಲಕ್ಸ್ ಇದೇ. ಒಂದು ಕಡೆ ಹೊಗೆಯ ಗಟ್ಟಿ ವಿಸ್ಕಿ, ಇನ್ನೊಂದು ಕಡೆ ಹೂವಿನ ಹಾಗೆ ಹಗುರ ವಿಸ್ಕಿ. ಮೃದು ರುಚಿಗೂ ಜಾಗ ಇದೆ ಅಂತ ತೋರಿ ನಲವತ್ತು ವರ್ಷ ಹಿಂದೆ ಹೇಳಿದ್ದು ಈಗ ಅವರ ಕಾರ್ಖಾನೆಯಲ್ಲೇ ಇತ್ತು.

1979ರ ಆಗಸ್ಟ್ 29ರಂದು, 85ನೇ ವಯಸ್ಸಿನಲ್ಲಿ ಮಸತಾಕ ತೀರಿಕೊಂಡರು. ಯೋಯಿಚಿಯ ಗುಡ್ಡದ ಮೇಲೆ, ಡಿಸ್ಟಿಲರಿ ಕಾಣೋ ಜಾಗದಲ್ಲಿ ಗಂಡ ಹೆಂಡತಿ ಇಬ್ಬರ ಸಮಾಧಿ ಇದೆ. ಯಾವ ಊರು ರೀಟಾ ಅವರನ್ನು ಅನುಮಾನದಿಂದ ನೋಡಿತ್ತೋ ಅದೇ ಊರಿನ ಮುಖ್ಯ ರಸ್ತೆಗೆ ಈಗ ರೀಟಾ ರಸ್ತೆ ಅಂತ ಹೆಸರು.

ನೋಟ್ಸ್ ಎಲ್ಲಿಗೆ ಹೋಯಿತು

ಸೆತ್ಸು ಶುಝೋಗೆ ಕೊಟ್ಟ ಆ ರಿಪೋರ್ಟ್ ಹಿರಿಯರಾದ ಇವಾಯಿ ಅವರ ಕೈಯಲ್ಲಿ ಉಳಿದಿತ್ತು. ಮುಂದೆ ಅವರು ಅದರ ಆಧಾರದ ಮೇಲೆ ಹೊಂಬೋ ಎಂಬ ಇನ್ನೊಂದು ಕಂಪನಿಗೆ ಹಂಡೆಗಳನ್ನು ವಿನ್ಯಾಸ ಮಾಡಿಕೊಟ್ಟರು. ಅಲ್ಲಿಂದ ಬಂದಿದ್ದು ಮಾರ್ಸ್ ವಿಸ್ಕಿ. ಸಂಟೋರಿ, ನಿಕ್ಕಾ, ಮಾರ್ಸ್: ಮೂರರ ಬೇರೂ ಒಬ್ಬ ವಿದ್ಯಾರ್ಥಿಯ ನೋಟ್ಸ್‌ನಲ್ಲಿ. ಎಕ್ಸಾಮ್ ಹಿಂದಿನ ರಾತ್ರಿ ಹಾಸ್ಟೆಲ್‌ನಲ್ಲಿ ಒಬ್ಬರ ನೋಟ್ಸ್ ಎಲ್ಲರ ಫೋನಿಗೂ ಹೋಗುತ್ತಲ್ಲ, ಹಾಗೆ. ಅದೇ ನೋಟ್ಸ್ ಓದಿದ ಮೂರು ಕಂಪನಿಗಳ ವಿಸ್ಕಿಯ ರುಚಿ ಮಾತ್ರ ಒಂದೇ ಥರ ಇಲ್ಲ. ನೀರು ಬೇರೆ, ಹವೆ ಬೇರೆ, ಹಂಡೆ ಬೇರೆ, ತೀರ್ಮಾನ ತಗೊಂಡವರು ಬೇರೆ.

ಅವರು ತೋರಿಸಿಕೊಟ್ಟ ದಾರಿಯಲ್ಲಿ ನಮ್ಮ ಊರೂ ಇದೆ. ಬೆಂಗಳೂರಿನ ಅಮೃತ್ ಕಂಪನಿ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲೇ, ಮಸತಾಕ ಓದಿದ ಊರಿನಲ್ಲಿ. ಬೆಂಗಳೂರಿನ ಬಿಸಿಲಿಗೆ ದೇವದೂತರ ಪಾಲು ವರ್ಷಕ್ಕೆ 10% ಮೀರುತ್ತೆ. 10% ಅಂತ ಹಿಡಿದರೂ ಅದೇ 250 ಲೀಟರ್ ಪೀಪಾಯಿಯಲ್ಲಿ ಹತ್ತು ವರ್ಷಕ್ಕೆ ಉಳಿಯೋದು ಸುಮಾರು 87 ಲೀಟರ್. ಹಾಗಾಗಿ ಇಲ್ಲಿ ಅಷ್ಟು ವರ್ಷ ಕಾಯೋ ಹಾಗಿಲ್ಲ. ಕಾಯಬೇಕಾಗಿಯೂ ಇಲ್ಲ, ಯಾಕಂದ್ರೆ ಶಾಖಕ್ಕೆ ಮರದ ಜೊತೆಗಿನ ಕೆಲಸವೂ ಬೇಗ ನಡೆಯುತ್ತೆ. ಸ್ಕಾಟ್‌ಲೆಂಡಿನ ವಿಧಾನ ಒಂದೇ ಆದರೂ ಲೆಕ್ಕ ಪ್ರತಿ ಊರಿಗೂ ಹೊಸದಾಗಿ ಮಾಡಬೇಕು.

ನಮ್ಮ ಲ್ಯಾಬಿನಲ್ಲಿ ರೀಡಿಂಗ್ ತಗೊಂಡ ಅರ್ಧ ಗಂಟೆಯೊಳಗೆ ಗ್ರಾಫ್ ಬಂದುಬಿಡಬೇಕು, ಇಲ್ಲದಿದ್ದರೆ ಪಕ್ಕದ ಬೆಂಚಿನಿಂದ ಕಾಪಿ. ಮಸತಾಕ ಅವರ ಪ್ರಯೋಗದಲ್ಲಿ ಒಂದು ರೀಡಿಂಗ್ ಸಿಗೋಕೆ ಐದು ವರ್ಷ, ಹತ್ತು ವರ್ಷ. ಶಿರೋಫುದಾ ಸೋತಿದೆ ಅಂತ ಗೊತ್ತಾಗೋ ಹೊತ್ತಿಗೆ ಅದರ ಬಾರ್ಲಿ ಒಣಗಿಸಿ ವರ್ಷಗಳೇ ಕಳೆದಿದ್ದವು. 2001ರಲ್ಲಿ ಗೆದ್ದ ಪೀಪಾಯಿಗೆ ವಿಸ್ಕಿ ತುಂಬಿದವರೂ ಅವರಲ್ಲ, ಅವರು ಕಲಿಸಿದವರಿಂದ ಕಲಿತವರು. ತಾನು ನೋಡೋಕೆ ಇರೋದಿಲ್ಲ ಅಂತ ಗೊತ್ತಿದ್ದೂ ಪ್ರತಿ ಹಂತವನ್ನೂ ಸರಿಯಾಗಿ ಬರೆದಿಟ್ಟು, ಇನ್ನೊಬ್ಬರು ಮಾಡೋ ಹಾಗೆ ಬಿಟ್ಟು ಹೋಗೋದು ಸುಲಭದ ಕೆಲಸ ಅಲ್ಲ. ಮುಂದಿನ ಸಲ ರೆಕಾರ್ಡ್ ಬುಕ್ ಬರೆಯೋಕೆ ಬೇಜಾರಾದಾಗ, ಕ್ಯಾಂಬೆಲ್‌ಟೌನಿನ ಚಳಿಯಲ್ಲಿ ಕೂತು ಹಂಡೆಯ ಚಿತ್ರ ಬಿಡಿಸ್ತಾ ಇದ್ದ ಆ 25 ವರ್ಷದ ಹುಡುಗನನ್ನು ಒಂದು ಸಲ ನೆನೆಸಿಕೊಳ್ಳಿ.